ಟಬ್ಬಿನ ಅಂಚಿನ ಪಟ್ಟಿ

ಜೇವರ್ಗಿಯ ನಮ್ಮ ಮನೆಯ ಬಚ್ಚಲಲ್ಲಿ ಒಂದು ಟಬ್ಬಿದೆ. ಓಣಿಯಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲ. ಶೋಕಿಗೆಂದು ತಂದದ್ದಲ್ಲ ಅದು. ಅವ್ವನ ಮೊಣಕಾಲು, ಸೊಂಟ, ಬೆರಳಿನ ಗೆಣ್ಣುಗಳನ್ನೆಲ್ಲ ಸಂಧಿವಾತ ಹಿಡಿದ ಮೇಲೆ ಕಲಬುರಗಿಯ ಡಾಕ್ಟರು, ಕುತ್ತಿಗೆಯ ತನಕ ಬಿಸಿನೀರಿನಲ್ಲಿ ಅರ್ಧ ತಾಸು ಕೂಡಿಸಿ ನೋಡಿ ಎಂದಿದ್ದರು. ಅಷ್ಟು ನೀರು ಒಟ್ಟಿಗೆ ಹಿಡಿಯುವಂಥದ್ದು ನಮ್ಮಲ್ಲಿ ದನದ ಕೊಟ್ಟಿಗೆಯ ಕಲ್ಲಿನ ದೋಣಿ ಒಂದೇ. ನಾನು ಅಫಜಲಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಲು ಸೇರಿದ ವರ್ಷ ಹಿರೋಳ್ಳಿಯ ಸೋದರಮಾವ ಫೋನು ಮಾಡಿದ. ಆಳಂದದಲ್ಲಿ ಯಾವುದೋ ಹಳೆಯ ಬಂಗಲೆ ಕೆಡವುತ್ತಿದ್ದಾರೆ, ಅದರಲ್ಲಿ ಬೀಡುಕಬ್ಬಿಣದ ಟಬ್ಬೊಂದಿದೆ, ತರಲೇನು ಎಂದು ಕೇಳಿದ. ತಾ ಎಂದೆ. ಅದು ಟಂಟಂ ಗಾಡಿಯಲ್ಲಿ ಬಂದು ಇಳಿದಾಗ ಆರು ಮಂದಿ ಹಿಡಿದರೂ ಹೊಸ್ತಿಲು ದಾಟಿಸಲು ಒಂದು ತಾಸು ಬೇಕಾಯಿತು. ಓಣಿಯೆಲ್ಲ ಬಂದು ನಿಂತು ನೋಡಿತು.

"ಏನಬೇ ಅಕ್ಕ, ಮಂದಿ ಎಮ್ಮಿ ತಂದ ಮ್ಯಾಲ ಹೊಂಡ ಕಟ್ಟಸ್ತಾರ. ನಿಮ್ಮನ್ಯಾಗ ಹೊಂಡಾನೇ ಮದ್ಲ ಬಂತಲ್ಲ!" ಎಂದಳು ಕಾಕು.

ಅವ್ವ ಕಟ್ಟೆಯ ಮೇಲೆ ಕೂತಿದ್ದಳು. "ಎಮ್ಮಿ ಇಲ್ಲೇ ಕುಂತದಲ್ಲ. ಕಾಣವಲ್ದೇನು ನಿನಗ?" ಎಂದಳು.

ಕಾಕು ಎಂದರೆ ನನ್ನ ಕಾಕಾನ ಹೆಂಡತಿ. ಕಾಕಾ ಅಪ್ಪನ ತಮ್ಮ. ನಾನು ಪಿಯುಸಿಯಲ್ಲಿದ್ದಾಗ ಅಪ್ಪ ತೀರಿಕೊಂಡ. ಅದಕ್ಕಿಂತ ಮೊದಲೇ ಮನೆ ಎರಡು ಭಾಗವಾಗಿತ್ತು, ಜಗಳವಿಲ್ಲದೆ. ಅಂಗಳ ಒಂದೇ, ತಲೆಬಾಗಿಲು ಒಂದೇ, ಒಳಗೆ ಉದ್ದಕ್ಕೆ ಒಂದು ಗೋಡೆ. ಗೋಡೆಯ ಈ ಕಡೆ ನಮ್ಮ ಬಚ್ಚಲು, ಆ ಕಡೆ ಕಾಕಾ ಕಾಳು ತುಂಬಿಡುವ ಕೋಣೆ. ಟಬ್ಬನ್ನು ಆ ಗೋಡೆಗೇ ಒರಗಿಸಿ ಕೂಡಿಸಿದೆವು. ಬೇರೆ ಕಡೆ ಜಾಗವಿರಲಿಲ್ಲ.

ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳ ಬರುತ್ತದೆ. ನಳ ಬಂದ ದಿನ ಅವ್ವನಿಗೆ ಟಬ್ಬಿನ ಜಳಕ, ಉಳಿದ ದಿನ ಸ್ಟೂಲಿನ ಮೇಲೆ ಕೂತು ಬಕೆಟ್ಟಿನ ಜಳಕ. ನಾನು ವಾರದ ದಿನಗಳಲ್ಲಿ ಅಫಜಲಪುರದಲ್ಲಿ ಬಾಡಿಗೆಯ ಕೋಣೆಯಲ್ಲಿರುತ್ತಿದ್ದೆ, ಶನಿವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ನಾನಿಲ್ಲದಾಗ ಅವ್ವನನ್ನು ಟಬ್ಬಿಗೆ ಇಳಿಸುವುದು, ಎತ್ತುವುದು ಕಾಕುವಿನ ಕೆಲಸ. ಮೊದಲು ಮೊಣಕಾಲಿಗೆ, ಬೆನ್ನಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದಳು. ಆಮೇಲೆ ನೀರಿಗಿಳಿಸಿ ಅರ್ಧ ತಾಸು ಪಕ್ಕದಲ್ಲಿ ಕೂತು ಓಣಿಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಎಬ್ಬಿಸುವ ಮುಂಚೆ ತಲೆಯ ಮೇಲೆ, ಹೆಗಲ ಮೇಲೆ ಹತ್ತು ತಂಬಿಗೆ ನೀರು ಸುರಿಯಲೇಬೇಕು. ಕುತ್ತಿಗೆಯ ತನಕ ನೀರಿನಲ್ಲಿ ಕೂತಿದ್ದರೂ ಅದು ಜಳಕವೆಂದು ಇಬ್ಬರೂ ಒಪ್ಪುತ್ತಿರಲಿಲ್ಲ. ನಿಂತ ನೀರಿನಲ್ಲಿ ಕೂರುವುದು ಔಷಧ, ಮೇಲಿಂದ ಬಿದ್ದರೆ ಮಾತ್ರ ಜಳಕ. ಸುರಿಯುವುದು ಬೇಡ, ನೀರು ಗೋಡೆಗೆ ಹೊಡೆಯುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

"ಮೈಮ್ಯಾಲ ನೀರ ಬೀಳಲಾರದ ಲಿಂಗ ಮುಟ್ಟಲೇನು ನಾ?" ಎಂದು ಅವ್ವ ಕೇಳುತ್ತಿದ್ದಳು. 

ಆ ಅರ್ಧ ತಾಸು ಅವಳಿಗೆ ಏನಾಗಿತ್ತೆಂಬುದನ್ನು ಒಂದೇ ಮಾತಿನಲ್ಲಿ ಹೇಳಬಹುದು. ಟಬ್ಬಿನ ಜಳಕವಾದ ದಿನ ಅವ್ವ ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳುತ್ತಿದ್ದಳು. ಬೇರೆ ದಿನ ಅವಳ ಕೈ ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ. ನೋವು ಎಲ್ಲಿದೆ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ತುರುಬು ಯಾರು ಕಟ್ಟಿದ್ದಾರೆ ಎಂದು ನೋಡಿ ನಾನು ತಿಳಿದುಕೊಳ್ಳುತ್ತಿದ್ದೆ.

ಟಬ್ಬಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿಳಿ ಸಿಲಿಕಾನಿನ ಪಟ್ಟಿಯೊಂದಿರುತ್ತದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವುದು ಅದೇ. ಮೊದಲ ಸಲ ಅದನ್ನು ಹಾಕಿದವನು ನಮ್ಮೂರ ನಳದ ಮಿಸ್ತ್ರಿ. ಬೇಸಿಗೆ ಮುಗಿಯುವುದರೊಳಗೆ ಪಟ್ಟಿ ಅಲ್ಲಲ್ಲಿ ಕಪ್ಪಾಯಿತು, ಉದ್ದಕ್ಕೆ ಸೀಳಿತು, ಕೊನೆಗೆ ಒಂದು ತುದಿ ಹಿಡಿದರೆ ಲಾಡಿಯ ಹಾಗೆ ಎದ್ದು ಬರುತ್ತಿತ್ತು. ಮಳೆಗಾಲದಲ್ಲಿ ಕಾಕಾನ ಕೋಣೆಯ ಗೋಡೆಯ ಮೇಲೆ ತೇವದ ಗುರುತು ಕಾಣಿಸಿತು. ಮಳೆಯದ್ದೇ ಇರಬೇಕು ಎಂದುಕೊಂಡೆವು. ದೀಪಾವಳಿ ಕಳೆದು ಎಲ್ಲರ ಗೋಡೆ ಒಣಗಿದರೂ ಅದು ಒಣಗಲಿಲ್ಲ. ಗೋಡೆಗೆ ತಾಗಿದ್ದ ಮೂರು ಚೀಲ ತೊಗರಿಗೆ ಬೂಷ್ಟು ಹಿಡಿದಿತ್ತು.

ಕಾಕಾ ಸಿಟ್ಟಿನವನಲ್ಲ. ಒಂದು ಭಾನುವಾರ ಬಂದು ಬಚ್ಚಲಿನ ಬಾಗಿಲ ಬಳಿ ನಿಂತ. ಒಳಗೆ ಬರಲಿಲ್ಲ. ಅವ್ವನ ಕಡೆ ನೋಡದೆ ನನಗೆ ಹೇಳಿದ.

"ನೋಡವಾ, ವೈನಿ ತ್ರಾಸ ನನಗ ಗೊತ್ತಿಲ್ಲಂತಲ್ಲ. ಆದ್ರ ಹೊಸಾ ತೊಗರಿ ಬರಾಕತ್ತದ. ಎಳ್ಳ ಅಮಾಸಿ ಆದಿಂದ ರಾಶಿ. ಅಷ್ಟರಾಗ ಗ್ವಾಡಿ ಒಣಗಿದ್ರ ಛಲೋ. ಇಲ್ಲಂದ್ರ ಟಬ್ಬ ತೆಗಸೋಣು. ನಂಗ ಬ್ಯಾರೆ ಕೋಣಿ ಇಲ್ಲ."

"ಒಣಗ್ತದ ಕಾಕಾ" ಎಂದೆ.

ಅವ್ವ ಕೂತಲ್ಲಿಂದಲೇ, "ತೆಗಸ್ರಿ ಬೇಕಾದ್ರ. ಇಷ್ಟ ದಿನ ಬಕೆಟ್ಟಿನಾಗ ಮಾಡಿಲ್ಲೇನ ನಾ?" ಎಂದಳು. ಅವಳ ದನಿ ಸಹಜವಾಗಿತ್ತು. ಆ ದಿನ ಅವಳ ತುರುಬು ಕಾಕು ಕಟ್ಟಿದ್ದು.

ಇಂಥ ಪಟ್ಟಿ ಹಾಕುವ ಬಗೆಯನ್ನು ನಾನು ಓದಿ ನೋಡಿದೆ. ಮಿಸ್ತ್ರಿಯ ಪಟ್ಟಿ ಯಾಕೆ ಕಿತ್ತು ಬಂತೆಂದು ಅರ್ಥವಾಯಿತು. ಬೀಡುಕಬ್ಬಿಣದ ಟಬ್ಬು ನಾಲ್ಕು ಮರದ ತುಂಡುಗಳ ಮೇಲೆ ಕೂತಿದೆ. ನೀರು ತುಂಬಿದಾಗ ಭಾರಕ್ಕೆ ಒಂದು ಕಾಳಿನಷ್ಟು ಕೆಳಗೆ ಕೂರುತ್ತದೆ, ಸಂದಿ ಅಗಲವಾಗುತ್ತದೆ. ಖಾಲಿ ಟಬ್ಬಿಗೆ ಪಟ್ಟಿ ಹಾಕಿದರೆ ಮೊದಲ ಜಳಕಕ್ಕೇ ಅದು ಜಗ್ಗಿ ಸಡಿಲಾಗುತ್ತದೆ. ಹಾಕುವಾಗ ಟಬ್ಬು ತುಂಬಿರಬೇಕು. ಪಟ್ಟಿ ಒಣಗುವ ತನಕ ತುಂಬಿಯೇ ಇರಬೇಕು. ಆ ಮಿಸ್ತ್ರಿಯನ್ನು ನಾನು ದೂರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಒಂದು ಬಿಳಿ ಗೆರೆ ಎಳೆಯುವುದಕ್ಕೆ ಟಬ್ಬು ತುಂಬಿಸಿ ಎಂದು ಯಾವ ಮಿಸ್ತ್ರಿ ತಾನೇ ಹೇಳಿಯಾನು? ಹೇಳಿದ್ದರೆ ನಾವೇ ನಗುತ್ತಿದ್ದೆವು.

ಬಸ್ ಸ್ಟ್ಯಾಂಡಿನ ಬಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಲಿಕಾನ್ ಟ್ಯೂಬ್ ಕೇಳಿದೆ.

"ಕಿಡಕಿ ಗ್ಲಾಸಿಗೇನ್ರಿ ಮೇಡಂ?"

"ಅಲ್ರಿ, ಬಚ್ಚಲಿಗಿ. ಬೂಷ್ಟು ಹಿಡೀಲಾರದಂಥದ್ದು ಅದ ಏನ್ರಿ?"

"ಅದ ನೋಡ್ರಿ, ಬರೋಬರ್ ಅದ. ಇದನ್ನ ಹಚ್ಚಿ ಒಂದಿನ ಬಿಟ್ರ ಸಾಕ್ರಿ, ಜಗ್ಗಿದ್ರೂ ಬರಂಗಿಲ್ಲ. ಮಿಸ್ತ್ರಿ ಕಳಸ್ಲೇನು?"

ಬೇಡ, ನಾನೇ ಮಾಡುತ್ತೇನೆ ಎಂದೆ. ಅವನು ಒಮ್ಮೆ ನನ್ನ ಕೈ ನೋಡಿದ.

ಡಿಸೆಂಬರಿನ ಒಂದು ಶುಕ್ರವಾರ ರಜೆ ಹಾಕಿ ಬಂದೆ. ಮಧ್ಯಾಹ್ನವೆಲ್ಲ ಹಳೆಯ ಪಟ್ಟಿ ಕೆರೆಯುವುದರಲ್ಲಿ ಹೋಯಿತು. ಅವ್ವ ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲಿ ಕೂತಿದ್ದಳು. ಬ್ಲೇಡು ಹಾಯದ ಮೂಲೆಗಳಲ್ಲಿ ಅವಳ ಹಳೆಯ ಹೆರಪಿನ್ನಿನಿಂದ ಕೆದಕಿದೆ. ಕಪ್ಪು ಹೋದ ಮೇಲೂ ಗೋಡೆಯ ಟೈಲ್ಸಿನ ಮೇಲೆ, ಟಬ್ಬಿನ ಅಂಚಿನ ಮೇಲೆ ಏನೋ ಜಿಡ್ಡು ಉಳಿದಿತ್ತು. ಕಾಲೇಜಿನಿಂದ ತಂದಿದ್ದ ಸ್ಪಿರಿಟ್ಟಿನಲ್ಲಿ ಅರಳೆ ಅದ್ದಿ ಒರೆಸಿದೆ. ಅರಳೆ ಹಳದಿಯಾಯಿತು. ಮೂಗಿನ ಹತ್ತಿರ ಹಿಡಿದರೆ ಸ್ಪಿರಿಟ್ಟಿನ ಅಡಿಯಿಂದ ಕುಸುಬಿ ಎಣ್ಣೆಯ ವಾಸನೆ.

"ಏನದು?" ಎಂದಳು ಅವ್ವ.

"ನಿನ್ನ ಎಣ್ಣಿ. ಪಟ್ಟಿ ಹಿಡೀಲಾರದ್ದಕ್ಕ ಇದೂ ಒಂದು ಕಾರಣ."

"ಹಂಗಾರ ಗ್ವಾಡಿಗೂ ಮಾಲೀಸಾತು. ಅದರ ಕೀಲು ನೋಯಲಾಕತ್ತಿದ್ವೋ ಏನೋ."

ನಾನು ನಗಲಿಲ್ಲ. ಮೂಲೆ ಒರೆಸುತ್ತಿದ್ದೆ. ಕೆಲಸ ಮಾಡುವಾಗ ಯಾರಾದರೂ ಮಾತಾಡಿಸಿದರೆ ನನಗೆ ಆಗುವುದಿಲ್ಲ, ಅದು ಅವ್ವನಿಗೂ ಗೊತ್ತು. ಆದರೂ, "ಕಾಲೇಜಿನ್ಯಾಗ ಹುಡುಗ್ರ ಮುಂದರ ನಗ್ತೀಯೋ ಇಲ್ಲೋ?" ಎಂದಳು.

ಶನಿವಾರ ಬೆಳಿಗ್ಗೆ ನಳ ಬಂತು. ಟಬ್ಬು ತುಂಬಿಸಲು ನಮ್ಮ ಪಾಲಿನ ನೀರು ಸಾಲಲಿಲ್ಲ. ಕಾಕು ತನ್ನ ಪೀಪಾಯಿಯ ನೀರನ್ನೂ ಕೊಡದಲ್ಲಿ ತಂದು ತಂದು ಸುರಿದಳು. "ಮೀನು ಬಿಡೂದು ಒಂದ ಉಳೀತು" ಎನ್ನುತ್ತ ಕೊನೆಯ ಕೊಡ ಹಾಕಿದಳು. ಟಬ್ಬಿನ ಅಂಚಿನಿಂದ ನಾಲ್ಕು ಬೆರಳು ಕೆಳಗಿನ ತನಕ ನೀರು ಬಂದಾಗ ಸಂದಿ ಅಗಲವಾದದ್ದು ಕಣ್ಣಿಗೇ ಕಾಣುತ್ತಿತ್ತು. ಒರೆಸಿ ಒಣಗಿಸಿದೆ. ಮೇಲೊಂದು ಕೆಳಗೊಂದು ಕಾಗದದ ಟೇಪು ಅಂಟಿಸಿದೆ. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ, ತುಂಬಿದ ನೀರಿನ ಮೇಲೆ ಬಗ್ಗಿ, ಒಂದೇ ಉಸಿರಿನಲ್ಲಿ ಎಂಬಂತೆ ಈ ತುದಿಯಿಂದ ಆ ತುದಿಗೆ ಎಳೆದೆ. ಸಾಬೂನಿನ ನೀರಿನಲ್ಲಿ ಬೆರಳು ಅದ್ದಿ ಸವರಿದೆ. ಟೇಪು ಕಿತ್ತಾಗ ಅಂಚು ಕೂದಲೆಳೆಯಷ್ಟು ನೇರವಾಗಿತ್ತು. ಕಾಕು ಬಂದು ನೋಡಿ, "ಅಯ್ಯ, ರಂಗೋಲಿನೂ ಇಷ್ಟ ಸೀದಾ ಬರಂಗಿಲ್ಲ ನಂಗ" ಎಂದಳು. ನನಗೆ ಹೆಮ್ಮೆಯಾಯಿತು. ಅದನ್ನೂ ಹೇಳಬೇಕು.

ಟ್ಯೂಬಿನ ಮೇಲೆ ಇಪ್ಪತ್ನಾಲ್ಕು ತಾಸು ಎಂದು ಬರೆದಿತ್ತು. ಚಳಿಗಾಲ, ಸಂದಿ ಆಳ, ಒಳಗಿನ ತನಕ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು ಎಂದು ನಾನು ಲೆಕ್ಕ ಹಾಕಿದೆ. ಮಿಸ್ತ್ರಿಯ ಪಟ್ಟಿಯನ್ನು ಅರ್ಧ ದಿನಕ್ಕೇ ಒದ್ದೆ ಮಾಡಿದ್ದು ನೆನಪಿತ್ತು. ಈ ಸಲ ಕೆಟ್ಟರೆ ಟಬ್ಬು ಹೋಗುತ್ತದೆ. ಆದ್ದರಿಂದ ಮೂರು ದಿನ ಎಂದು ನಿಶ್ಚಯಿಸಿದೆ.

"ಮಂಗಳವಾರ ಸಂಜಿ ತನಕ ಯಾರೂ ಟಬ್ಬು ಮುಟ್ಟಬಾರದು. ನೀರೂ ಬಿಡಬಾರದು" ಎಂದು ಇಬ್ಬರಿಗೂ ಹೇಳಿದೆ. ಬುಧವಾರ ಮತ್ತೆ ನಳ ಬರುತ್ತದೆ, ಆಗ ಹಳೆಯ ನೀರು ಬಿಟ್ಟು ಹೊಸ ನೀರಿನಲ್ಲಿ ಜಳಕ. ಹಿಂದಿನ ಮಂಗಳವಾರ ಕೂತದ್ದೇ ಕೊನೆ. ಶನಿವಾರದ್ದು ಈ ಕೆಲಸದಿಂದ ತಪ್ಪಿತ್ತು. ಬುಧವಾರಕ್ಕೆ ಎಂಟು ದಿನವಾಗುತ್ತಿತ್ತು. ಅವ್ವ ಬೆರಳು ಮಡಚಿ ಎಣಿಸಲು ಹೋಗಿ, ಮಡಚಲಾರದೆ, ಬಿಟ್ಟಳು.

ಸೋಮವಾರ ಬೆಳಿಗ್ಗೆ ಅಫಜಲಪುರಕ್ಕೆ ಹೋದೆ. ಸಂಜೆ ಐದರ ಸುಮಾರಿಗೆ, ಪ್ರಾಕ್ಟಿಕಲ್ ಮುಗಿಸಿ ಲ್ಯಾಬಿನ ಬೀಗ ಹಾಕುತ್ತಿದ್ದಾಗ ಅವ್ವನ ಫೋನು ಬಂತು. ತಾನಾಗಿ ಫೋನು ಮಾಡುವವಳಲ್ಲ ಅವಳು. ಕಾಕುವಿನ ಕೈಯಿಂದ ಹಚ್ಚಿಸಿದ್ದಳು.

"ಊಟಾತೇನು?"

"ಐದು ಗಂಟೀಗಿ ಯಾವ ಊಟ ಅವ್ವ?"

"ಹೌದಲ್ಲ" ಎಂದಳು. "ಇಲ್ಲಿ ಭಾಳ ಥಂಡಿ ಬಿಟ್ಟದ. ಕಾಕು ಏನಂತಾಳ, ಟಬ್ಬಿನಾಗಿಂದ ನಾಕು ಕೊಡ ತೆಗದು ಕಾಸಿ ಹಾಕಿದ್ರ ನೀರು ಬೆಚ್ಚಗಾಗ್ತದಂತ. ಒಂದೀಟ ಕೂತು ಏಳ್ತೇನಿ. ಮ್ಯಾಲ ಸುರಕೊಳ್ಳಂಗಿಲ್ಲ. ನಿನ್ನ ಪಟ್ಟಿಗಿ ಮುಟ್ಟಂಗಿಲ್ಲ."

ಹಿಂದಿನಿಂದ ಕಾಕುವಿನ ದನಿ ಕೇಳಿತು. "ನಾ ಎಲ್ಲಿ ಅಂದೇನಿ? ಈಕಿನೇ ಅನ್ನಾಕತ್ಯಾಳ. ಮುಂಜಾನಿಂದ ಜೀವ ತಿನ್ನಾಕತ್ಯಾಳ!"

ಶನಿವಾರ ಮಧ್ಯಾಹ್ನದಿಂದ ಐವತ್ತು ತಾಸು ದಾಟಿತ್ತು. ಟ್ಯೂಬಿನ ಮೇಲಿದ್ದುದರ ಎರಡರಷ್ಟು. ನನಗೆ ಅದು ಗೊತ್ತಿತ್ತು. ಕೂಡು ಎಂದಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದೂ ಬಹುಪಾಲು ಗೊತ್ತಿತ್ತು. ಆದರೆ ನಾನು ಮಂಗಳವಾರ ಎಂದು ಹೇಳಿದ್ದೆ, ಅದು ಇನ್ನೂ ಬಂದಿರಲಿಲ್ಲ.

"ನಾಳಿ ಒಂದಿನ ತಡಿ ಅವ್ವ. ಇಷ್ಟು ಮಾಡಿ ಮತ್ತ ಕೆಟ್ಟರ ಕಾಕಾಗ ಏನಂತ ಹೇಳ್ಲಿ?"

"ಆತು, ಬಿಡು" ಎಂದಳು. ಆಮೇಲೆ, "ನೀ ಸ್ವೆಟರ್ ಹಾಕ್ಕೋ" ಎಂದಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಾಕಾನ ಫೋನು ಬಂತು. ಕಾಕು ಚಹಾ ಒಯ್ದಾಗ ಅವ್ವ ಎದ್ದಿರಲಿಲ್ಲ. ಎಬ್ಬಿಸಿದರೂ ಏಳಲಿಲ್ಲ. ಹೃದಯ ನಿಂತಿದೆ, ಬೆಳಗಿನ ಜಾವದಲ್ಲೇ ಆಗಿರಬೇಕು ಎಂದು ಡಾಕ್ಟರು ಬಂದು ಹೇಳಿದರು. ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆ, ಮೊದಲೇ ಸೋತಿದ್ದ ಹೃದಯ. ಟಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಅದು ನನಗೆ ತಿಳಿಯುತ್ತದೆ. ನಾನು ನನ್ನನ್ನು ಕೇಳಿಕೊಳ್ಳುವ ಪ್ರಶ್ನೆ ಅದಲ್ಲ.

ನಾನು ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ಅಂಗಳದ ತುಂಬ ಮಂದಿ. ಹಿರೋಳ್ಳಿಯಿಂದ ಸೋದರಮಾವ ಬಂದ ಮೇಲೆ ಮಣ್ಣಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅದಕ್ಕೂ ಮೊದಲು ಅವ್ವನಿಗೆ ಜಳಕ ಮಾಡಿಸಬೇಕು. ಅಂಗಳದ ಮೂಲೆಯಲ್ಲಿ ಸೀರೆಯ ಮರೆ ಕಟ್ಟಿ, ಮಣೆ ಹಾಕಿದ್ದರು. ಹೆಂಗಸರು ನಿಂತಿದ್ದರು. ನೀರಿರಲಿಲ್ಲ. ನಮ್ಮ ಮನೆಯದು, ಕಾಕುವಿನದು, ಎರಡೂ ಬಹುಪಾಲು ಶನಿವಾರವೇ ಟಬ್ಬಿಗೆ ಹೋಗಿತ್ತು, ಉಳಿದದ್ದು ಬಳಕೆಗೆ ತೀರಿತ್ತು. ನಳ ಬರುವುದು ನಾಳೆ. ಪಕ್ಕದ ಮನೆಗಳಿಂದ ಬಂದ ನಾಲ್ಕು ಕೊಡ ಬಂದವರ ಕೈಕಾಲಿಗೆ, ಚಹಾಕ್ಕೆ ಮುಗಿದಿತ್ತು.

ಕಾಕು ನನ್ನನ್ನು ಬಚ್ಚಲಿನ ಬಾಗಿಲ ತನಕ ಕೈಹಿಡಿದು ಕರೆದುಕೊಂಡು ಹೋದಳು. ಟಬ್ಬು ಹಾಗೆಯೇ ತುಂಬಿತ್ತು. ನೀರಿನ ಮೇಲೆ ಮೂರು ದಿನದ ತೆಳು ದೂಳಿನ ಪದರ.

"ಇದರಾಗಿಂದ ತಗೊಳ್ಳೇನು ಯವ್ವಾ?" ಎಂದು ಕೇಳಿದಳು. ಅವಳ ಕಣ್ಣು ಬಾತಿದ್ದವು. "ಸಂಜಿ ತನಕ ಅಂದಿದ್ದಿ. ಇನ್ನಾ ಸಂಜಿ ಆಗಿಲ್ಲ. ನೀ ಹೂಂ ಅಂದ್ರ ತಗೋತೇನಿ."

ನಾನು ಹೂಂ ಎಂದೆ. ಅವಳು ಸೆರಗು ಸಿಗಿಸಿ ಮೊದಲ ಕೊಡ ಮುಳುಗಿಸಿದಳು. ಯಾರೋ ಹೊರಗಿನಿಂದ, "ಹಂಗೇ ತಾರಬೇ, ಕಾಸೂದೇನು ಬ್ಯಾಡ, ಹೊತ್ತಾಗ್ತದ" ಎಂದರು.

"ಆಕಿಗಿ ತಣ್ಣೀರು ಆಗಂಗಿಲ್ಲ" ಎಂದಳು ಕಾಕು.

ಹಂಡೆಯಲ್ಲಿ ಕಾಸಿದರು. ಕೈ ಅದ್ದಿ ನೋಡಿದ್ದು ಕಾಕು. ಎಣ್ಣೆ ಹಚ್ಚಿದ್ದೂ ಅವಳೇ. ತಂಬಿಗೆ ನನ್ನ ಕೈಗೆ ಕೊಟ್ಟರು. ನಾನು ತಲೆಯ ಮೇಲಿಂದ, ಹೆಗಲ ಮೇಲಿಂದ ಹಾಕಿದೆ. ಅವ್ವನ ಬೆರಳುಗಳು ಇನ್ನೂ ಅರೆಮಡಚಿದ ಹಾಗೆಯೇ ಇದ್ದವು. ಆಮೇಲೆ ಕಾಕು ಕೂದಲು ಒರೆಸಿ, ಬಾಚಿ, ತುರುಬು ಕಟ್ಟಿದಳು. ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿಟ್ಟರು. ಬಿಸಿಲು ಇಳಿಯುವುದರೊಳಗೆ ನಮ್ಮ ಹೊಲದಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿ ಬಂದೆವು.

ಬಂದವರೆಲ್ಲ ಹೋಗುವ ತನಕ ಆ ಬಚ್ಚಲಿಗೆ ಯಾರೂ ಹೋಗಲಿಲ್ಲ. ಅಂಗಳದಲ್ಲೇ ಎಲ್ಲವೂ ನಡೆಯಿತು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಉಳಿದ ನೀರನ್ನು ಬಿಡೋಣವೆಂದು ನಾನೇ ಒಳಗೆ ಹೋದೆ. ಪಟ್ಟಿ ಬಿಳಿಯಾಗಿ, ನೇರವಾಗಿ ಇತ್ತು. ಉಗುರಿನಿಂದ ಒತ್ತಿದೆ, ಜಗ್ಗಿದೆ. ಬರಲಿಲ್ಲ. ಟಬ್ಬಿನ ತಳದ ಬಿರಡೆ ಎತ್ತಿದೆ. ನೀರು ಸುತ್ತುತ್ತ ಹೋಗುವಾಗ ಟಬ್ಬು ಭಾರ ಕಳೆದುಕೊಂಡು ಒಂದಿಷ್ಟು ಮೇಲೆದ್ದಿರಬೇಕು. ಪಟ್ಟಿ ಅದರ ಜೊತೆಗೆ ಬಾಗಿ ಹಿಡಿದುಕೊಂಡಿತು. ಹಾಗೆಯೇ ಆಗಬೇಕಾದದ್ದು. ನಾನು ಕೆಲಸವನ್ನು ಸರಿಯಾಗಿ ಮಾಡಿದ್ದೆ.

ಎಳ್ಳ ಅಮಾವಾಸ್ಯೆ ಕಳೆದು ತೊಗರಿ ರಾಶಿಯಾಯಿತು. ಚೀಲ ಒಳಗೆ ಇಡುವ ದಿನ ಕಾಕಾ ಬಂದು ಬಚ್ಚಲಿನ ಬಾಗಿಲ ಬಳಿ, ಹಿಂದೆ ನಿಂತಿದ್ದ ಜಾಗದಲ್ಲೇ ನಿಂತ.

"ಗ್ವಾಡಿ ಒಣಗ್ಯಾದವಾ" ಎಂದ. "ಕೈ ಹಚ್ಚಿ ನೋಡೇನಿ. ಪೂರಾ ಒಣಗ್ಯಾದ."

ಅವನು ಇನ್ನೂ ಏನೋ ಹೇಳುವವನಂತೆ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. "ಟಬ್ಬ ಇರ್ಲಿ" ಎಂದ ಕೊನೆಗೆ. "ನಾ ಅಂದದ್ದು ಮನಸಿನ್ಯಾಗ ಇಟಗೋಬ್ಯಾಡ." ಇಲ್ಲ ಎಂದೆ. ಅದು ನಿಜವೇ. ಅವನ ಮೇಲೆ ನನಗೆ ಏನೂ ಇಲ್ಲ. ಅವನು ಕೇಳಿದ್ದು ಗೋಡೆ ಒಣಗಬೇಕೆಂದು ಮಾತ್ರ. ಮೂರು ದಿನ ಎಂದವಳು ನಾನು.

ಈಗಲೂ ಶನಿವಾರ ಬರುತ್ತೇನೆ. ಬಕೆಟ್ಟಿನಲ್ಲಿ ಜಳಕ ಮಾಡುತ್ತೇನೆ. ನಮ್ಮ ಊರಿನ ನೀರು ಗಡಸು, ನಿಂತಲ್ಲಿ ಉಪ್ಪಿನ ಗೆರೆ ಬಿಡುತ್ತದೆ. ಟಬ್ಬಿನ ಒಳಮೈಯಲ್ಲಿ ಅಂಥ ಎರಡು ಗೆರೆಗಳಿವೆ. ಮೇಲಿನದು ಶನಿವಾರದಿಂದ ಮಂಗಳವಾರದ ತನಕ ನೀರು ನಿಂತ ಮಟ್ಟ. ಅದು ತೆಳು, ಹುಡುಕಿದರೆ ಕಾಣುತ್ತದೆ. ಕೆಳಗಿನದು ಹೆಂಗಸರು ಕೊಡ ತುಂಬಿ ಮುಗಿಸಿದ ಮೇಲೆ ಉಳಿದ ಮಟ್ಟ. ಅದು ದಪ್ಪ. ಎರಡರ ನಡುವೆ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಇಂಥ ಗೆರೆ ತೆಗೆಯಲು ಏನು ಬೇಕೆಂದು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಒಂದು ಹೋಳು ನಿಂಬೆಹಣ್ಣು ಸಾಕು.

ಕಳೆದ ವಾರ ಕಾಕು ಬಚ್ಚಲು ತೊಳೆಯಲು ಬಂದಿದ್ದಳು. ಈಗ ಅವಳಿಗೂ ಮೊಣಕಾಲು ಹಿಡಿಯುತ್ತದೆ. ಬಗ್ಗುವಾಗ ಟಬ್ಬಿನ ಅಂಚಿಗೆ ಕೈ ಊರಿದಳು.

"ಇವು ಎರಡು ಗೆರಿ ಹಂಗೇ ಉಳದಾವ ನೋಡು. ತಿಕ್ಕಿ ತಗೀಲೇನು?"

"ಬ್ಯಾಡ ಕಾಕು."

ಅವಳು ಬ್ರಶ್ಶು ಕೈಯಲ್ಲಿ ಹಿಡಿದು ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವುಗಳ ಕೆಳಗಿನಿಂದ, ಅವಕ್ಕೆ ತಾಗದ ಹಾಗೆ, ಟಬ್ಬಿನ ತಳ ಮಾತ್ರ ತಿಕ್ಕಿ ತೊಳೆದಳು.